ಎಂಟನೆಯ ಮಾದರಿ

ತಪಾಸಣೆಯವರು ಬರುವ ದಿನ ಬಾಳವ್ವನ ಜಾಗ ಜನರೇಟರ್ ಶೆಡ್ಡು.

ವರ್ಷಕ್ಕೊಮ್ಮೆ ಬರುತ್ತಾರೆ. ಲ್ಯಾಬಿಗೆ ಮಾನ್ಯತೆ ಕೊಡುವವರು ಅವರು. ಅವರ ಮುದ್ರೆ ಇಲ್ಲದಿದ್ದರೆ ಇಲ್ಲಿಯ ವರದಿಯನ್ನು ಯಾವ ದೇಶವೂ ಮೂಸಿ ನೋಡುವುದಿಲ್ಲ. ಮುನ್ನಾದಿನವೇ ಮ್ಯಾನೇಜರ್ ಯಜ್ಞೇಶ್ವರ ಹೇಳಿರುತ್ತಾನೆ: "ಬಾಳವ್ವ, ನಾಳೆ ಅವರು ಹೋಗೂತನಕಾ ನೀ ಒಳಗ ಕಾಣಬಾರದು ನೋಡು." ರಜೆ ಕೊಡುವುದಿಲ್ಲ. ಅವರು ಹೋದ ಮೇಲೆ ರಾಶಿ ಬಿದ್ದ ಕೆಲಸ ಮಾಡುವವರು ಯಾರು? ಅದಕ್ಕೇ ಶೆಡ್ಡು. ತಗಡಿನ ಮಾಡು, ಡೀಸೆಲ್ ವಾಸನೆ, ಕೂಡಲು ಬೋರಲು ಹಾಕಿದ ಒಂದು ಪ್ಲಾಸ್ಟಿಕ್ ಕ್ಯಾನು. ಮೂರು ವರ್ಷದಿಂದ ಅದೇ ಕ್ಯಾನು. ಅದರ ಮೇಲೆ ಬಾಳವ್ವ ಮುಂಜಾನೆ ಒಂಬತ್ತಕ್ಕೆ ಕುಳಿತಿದ್ದಳು.

ಹನ್ನೊಂದಕ್ಕೆ ತಾಜಬಿ ಚಹಾ ತಂದಳು. ಹಳೇ ಹುಬ್ಬಳ್ಳಿಯ ತಾಜಬಿ ಇಲ್ಲಿ ಗಾಜಿನ ಸಾಮಾನು ತೊಳೆಯುವವಳು. ಅವಳ ಹೆಸರು ದಾಖಲೆಯಲ್ಲಿದೆ, ತೊಳೆಯುವವಳು ಅಂತ. ಹಾಗಾಗಿ ಅವಳನ್ನು ಯಾರೂ ಅಡಗಿಸಿಡುವುದಿಲ್ಲ.

"ತಗೋ ರಾಣೀಸಾಹೇಬಾ. ಮಹಲಿನಾಗ ಸೆಕಿ ಭಾಳ ಐತೇನು?"

"ನಿನ್ನ ಬಾಯಿಗೆ ಬೆಂಕಿ ಹಾಕ" ಎಂದಳು ಬಾಳವ್ವ. ನಗು ಬಂತು, ಪೂರ್ತಿ ಬರಲಿಲ್ಲ.

ಚಹಾ ಕಾಗದದ ಲೋಟದಲ್ಲಿತ್ತು. ಒಳಗಿನವರಿಗೆ ಪಿಂಗಾಣಿ ಕಪ್ಪು. ಬಾಳವ್ವನಿಗೆ ಮೊದಲ ದಿನದಿಂದಲೂ ಕಾಗದದ್ದು, ಕುಡಿದು ಎಸೆಯುವಂಥದ್ದು. ಸ್ವಚ್ಛತೆಯ ಸಲುವಾಗಿ ಅಂತ ಯಜ್ಞೇಶ್ವರ ಹೇಳಿದ್ದ. ಉಪ್ಪಿನಬೆಟಗೇರಿಯ ಕೇರಿಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಸ್ವಚ್ಛತೆ ಯಾವುದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದೇ ಕೈಯಲ್ಲಿ ಹಿಡಿದರೆ ಈಗೀಗ ಜಾರುತ್ತದೆ.

ಹುಬ್ಬಳ್ಳಿಯ ಗೋಕುಲ ರೋಡಿನ ಹಿಂದೆ, ಕಾರ್ಖಾನೆಗಳ ಸಾಲಿನಲ್ಲಿರುವ ಈ ಲ್ಯಾಬಿನಲ್ಲಿ ಆಹಾರದೊಳಗಿನ ಕೀಟನಾಶಕದ ಉಳಿಕೆ ಪತ್ತೆ ಮಾಡುತ್ತಾರೆ. ದ್ರಾಕ್ಷಿ ಬರುತ್ತದೆ, ದಾಳಿಂಬೆ ಬರುತ್ತದೆ, ಎಲ್ಲಕ್ಕಿಂತ ಹೆಚ್ಚು ಕೆಂಪು ಒಣಮೆಣಸಿನಕಾಯಿ. ಹಡಗು ಹತ್ತಿ ಹೋಗುವ ಕಾಯಿ ಅದು. ಅಲ್ಲಿಯ ಜನರ ನಾಲಿಗೆಗೆ ವಿಷ ತಾಗಬಾರದು. ಹತ್ತು ಕೋಟಿ ಪಾಲಿನಲ್ಲಿ ಒಂದು ಪಾಲು ವಿಷವಿದ್ದರೂ ಒಳಗಿನ ಯಂತ್ರ ಹಿಡಿದು ತೋರಿಸುತ್ತದೆ. ಅಂಥ ಯಂತ್ರ. ಅದಕ್ಕೆ ಹವಾನಿಯಂತ್ರಿತ ಕೋಣೆ ಇದೆ, ಧೂಳು ಬಾರದಂತೆ ಎರಡು ಬಾಗಿಲು ಇವೆ.

ಆದರೆ ಯಂತ್ರ ಮೆಣಸಿನಕಾಯಿ ತಿನ್ನುವುದಿಲ್ಲ. ಅದಕ್ಕೆ ತಿಳಿಯಾದ ಒಂದು ಹನಿ ಬೇಕು. ಆ ಹನಿ ಮಾಡಿ ಕೊಡುವವಳು ಬಾಳವ್ವ.

ಒಂದೊಂದು ಮಾದರಿ ಎರಡೆರಡು ಕಿಲೋ. ತೊಟ್ಟು ಮುರಿಯಬೇಕು. ತೊಳೆಯುವಂತಿಲ್ಲ, ತೊಳೆದರೆ ವಿಷವೂ ಹೋಗುತ್ತದೆ. ಕತ್ತರಿಸಬೇಕು, ಮಿಕ್ಸರಿಗೆ ಹಾಕಿ ಪುಡಿ ಮಾಡಬೇಕು. ಮುಚ್ಚಳ ತೆಗೆದ ಕೂಡಲೇ ಘಾಟು ಮುಖಕ್ಕೆ ಬಡಿಯುತ್ತದೆ. ಕಣ್ಣು, ಮೂಗು, ಗಂಟಲು, ಎದೆ, ಎಲ್ಲ ಉರಿಯುತ್ತವೆ. ಆ ಪುಡಿಯಿಂದ ಎರಡು ಗ್ರಾಂ ತೂಗಿ ಕೊಳವೆಗೆ ಹಾಕಬೇಕು. ಅದರ ಮೇಲೆ ದ್ರಾವಕ. ದ್ರಾವಕ ಎಂದರೆ ಪುಡಿಯೊಳಗಿನ ವಿಷವನ್ನು ತನ್ನೊಳಗೆ ಎಳೆದುಕೊಳ್ಳುವ ನೀರಿನಂಥ ಒಂದು ರಾಸಾಯನಿಕ. ಅದರ ಆವಿಗೆ ತಲೆ ಸುತ್ತುತ್ತದೆ. ಆಮೇಲೆ ಕೊಳವೆ ಅಲುಗಿಸಬೇಕು, ಜೋರಾಗಿ, ಒಂದೊಂದು ನಿಮಿಷ. ಅಲುಗಿಸುವ ಯಂತ್ರವೊಂದಿತ್ತು. ಕೆಟ್ಟು ವರ್ಷವಾಯಿತು. ರಿಪೇರಿಗೆ ಯಾಕೆ ಕಳಿಸಬೇಕು? ಬಾಳವ್ವನ ಕೈ ಕೆಟ್ಟಿರಲಿಲ್ಲವಲ್ಲ. ದಿನಕ್ಕೆ ನೂರು ಕೊಳವೆ. ದ್ರಾವಕವನ್ನು ಬೇರ್ಪಡಿಸುವ ಉಪ್ಪು ಹಾಕಿದಾಗ ಕೊಳವೆ ಅಂಗೈಯಲ್ಲೇ ಬಿಸಿಯಾಗುತ್ತದೆ. ಮುಚ್ಚಳ ಸಡಿಲವಾದರೆ ದ್ರಾವಕ ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯುತ್ತದೆ. ಒಳಗಿನವರಿಗೆ ನೀಲಿ ಕೈಗವಸು. ಬಾಳವ್ವನಿಗೆ ತಿಂಗಳಿಗೊಂದು ಜೊತೆ, ಬಾತ್‌ರೂಮು ತೊಳೆಯುವಂಥದ್ದು. ಎರಡೇ ದಿನಕ್ಕೆ ಬೆರಳ ತುದಿ ಹರಿಯುತ್ತದೆ. ಉಳಿದ ಇಪ್ಪತ್ತೆಂಟು ದಿನ ಬರಿಗೈ.

ಎಲ್ಲ ಆದ ಮೇಲೆ ಒಂದು ಪುಸ್ತಕ. ಅದರಲ್ಲಿ 'ಮಾದರಿ ಸಿದ್ಧಪಡಿಸಿದವರು' ಎಂಬ ಕಾಲಮು. ಅಲ್ಲಿ ಸಹಿ ಮಾಡುವವಳು ಋತುಜಾ, ಧಾರವಾಡದ ಹುಡುಗಿ, ಎಮ್ಮೆಸ್ಸಿ ಓದಿದವಳು, ಯಂತ್ರ ನಡೆಸುವವಳು. ಕೆಟ್ಟವಳಲ್ಲ. ಹಬ್ಬಕ್ಕೆ ಹೋಳಿಗೆ ತಂದು ಕೊಡುತ್ತಾಳೆ. ಆದರೆ ಸಹಿ ಮಾಡುತ್ತಾಳೆ. ಮೂರು ವರ್ಷ, ದಿನಾಲೂ, ತಾನು ಮಾಡದ ಕೆಲಸಕ್ಕೆ.

ಇನ್ನೊಂದು ಮಾತಿದೆ. ಲ್ಯಾಬಿನ ವಿಧಾನದ ಪುಸ್ತಕವನ್ನು ಬರೆದವರು ಹಸಿ ಮೆಣಸಿನಕಾಯಿಗೆ ಇದ್ದದ್ದನ್ನೇ ಒಣಮೆಣಸಿನಕಾಯಿಗೂ ನಕಲು ಹೊಡೆದಿದ್ದರು. ಹಸಿಯದರಲ್ಲಿ ತನ್ನದೇ ನೀರಿರುತ್ತದೆ. ಒಣಗಿದ್ದರ ಪುಡಿ ದ್ರಾವಕವನ್ನೆಲ್ಲ ತಾನೇ ಕುಡಿದು ಕುಳಿತುಬಿಡುತ್ತದೆ, ಮೇಲೆ ಏನೂ ನಿಲ್ಲುವುದಿಲ್ಲ. ಶುರುವಿನಲ್ಲಿ ಎಲ್ಲ ಕೆಟ್ಟುಹೋಗುತ್ತಿತ್ತು, ಯಜ್ಞೇಶ್ವರ ತಲೆ ಕೆರೆದುಕೊಳ್ಳುತ್ತಿದ್ದ. ರಂಜಕದ ಕೆಂಪು ಚಟ್ನಿ ಅರೆಯುವ ಹೆಂಗಸಿಗೆ ಇದೆಲ್ಲ ಏನು ದೊಡ್ಡದು? ಒಣಕಾಯಿ ನೆನೆಯದೆ ಸಾರ ಬಿಡುವುದಿಲ್ಲ. ಬಾಳವ್ವ ಪುಡಿಗೆ ನೀರು ಹಾಕಿ ಅರ್ಧ ತಾಸು ಬಿಟ್ಟು, ಆಮೇಲೆ ದ್ರಾವಕ ಹಾಕಿದಳು. ಅವತ್ತಿನಿಂದ ಎಲ್ಲ ಸರಿಯಾಯಿತು. ಋತುಜಾಗೆ ಗೊತ್ತಿತ್ತು. ಯಜ್ಞೇಶ್ವರನಿಗೂ ಗೊತ್ತಿತ್ತು. ಪುಸ್ತಕದಲ್ಲಿ ಮಾತ್ರ ಯಾರೂ ಬರೆಯಲಿಲ್ಲ. ಬರೆದರೆ, ಇದನ್ನು ಕಂಡುಹಿಡಿದವರು ಯಾರು ಅಂತ ಕೇಳುತ್ತಾರಲ್ಲ.

ಕೈಯ ಸುದ್ದಿ ಶುರುವಾದದ್ದು ರೊಟ್ಟಿಯಿಂದ. ಬಾಳವ್ವ ಬಡಿದ ಜೋಳದ ರೊಟ್ಟಿ ಕೇರಿಗೆಲ್ಲ ಹೆಸರಾಗಿತ್ತು. ಅಂಗೈಯೇ ಹೇಳುತ್ತಿತ್ತು, ಇಲ್ಲಿ ದಪ್ಪ, ಇಲ್ಲಿ ತೆಳು, ಇನ್ನು ಸಾಕು. ಹೋದ ದೀಪಾವಳಿಯ ಹೊತ್ತಿಗೆ ಅಂಗೈ ಮಾತು ನಿಲ್ಲಿಸಿತು. ರೊಟ್ಟಿ ಹರಿಯತೊಡಗಿತು. ಒಂದು ದಿನ ಹಂಚಿನ ಮೇಲೆ ಬೆರಳಿಟ್ಟು ಮರೆತಿದ್ದಾಳೆ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಕೈ ಎಳೆದುಕೊಂಡಳು.

ದವಾಖಾನೆಯಲ್ಲಿ ಡಾಕ್ಟರು ದಾಕ್ಷಾಯಿಣಿ ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಕೇಳಿದರು. ಆಮೇಲೆ ಅಂದರು: "ನರ ಸೋತಾವ್ರಿ. ಯಾತರಿಂದ ಅಂತ ಗೊತ್ತಾಗಬೇಕು. ನೀವು ಕೆಲಸದಾಗ ಏನೇನ್ ಮುಟ್ಟತೀರಿ ಅನ್ನೂದು ಕಂಪನಿಯವರ ಕಡೆ ಬರಸಿಕೊಂಡ ಬರ್ರಿ. ಕೆಲಸದಿಂದ ಬಂದ ಜಡ್ಡು ಅಂತ ಕಾಗದ ಆದ್ರ ಉಪಚಾರ ಅವರ ಮ್ಯಾಲೆ ಬರ್ತದ. ಬರೇ ನಿಮ್ಮ ಮಾತಿನ ಮ್ಯಾಲೆ ನಾ ಬರಿಯಾಕ ಬರೂದಿಲ್ಲ."

ಬಾಳವ್ವ ಕೇಳಿದಳು. ಹದಿನೈದು ದಿನ ಅಲೆದಾಡಿಸಿ ಯಜ್ಞೇಶ್ವರ ಒಂದು ಕಾಗದ ಕೊಟ್ಟ. ಡಾಕ್ಟರು ಅದನ್ನು ಓದಿ ಅವಳ ಮುಖ ನೋಡಿದರು. ಕಾಗದದಲ್ಲಿ ಇದ್ದದ್ದು ಇಷ್ಟೇ: ಇವರು ನಮ್ಮಲ್ಲಿ ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಇವರು ಯಾವುದೇ ರಾಸಾಯನಿಕದ ಸಂಪರ್ಕಕ್ಕೆ ಬರುವುದಿಲ್ಲ.

ಸಂಪರ್ಕಕ್ಕೆ ಬರುವುದಿಲ್ಲ! ಮೂರು ವರ್ಷದ ಉರಿಯನ್ನು ಒಂದೂವರೆ ಸಾಲಿನಲ್ಲಿ ಒರೆಸಿ ಹಾಕಿದ್ದ. ಬಾಳವ್ವನಿಗೆ ಕೂಗಾಡುವ ತ್ರಾಣವೂ ಇರಲಿಲ್ಲ. ಕಾಗದ ಮಡಚಿ ರವಿಕೆಯಲ್ಲಿ ಇಟ್ಟುಕೊಂಡು ಬಂದಿದ್ದಳು. ಈಗಲೂ ಅದು ಅಲ್ಲೇ ಇತ್ತು.

ಹನ್ನೆರಡೂವರೆಗೆ ತಾಜಬಿ ಮತ್ತೆ ಓಡಿ ಬಂದಳು. ಈ ಸಲ ಚಹಾ ಇರಲಿಲ್ಲ.

"ಒಳಗ ಹಾಲತ್ ಕೆಟ್ಟೈತಿ ನೋಡ. ಬೆಂಗಳೂರಿಂದ ಬಂದಾನಲ್ಲ ಸಾಹೇಬ, ನನ್ನ ಮುಂದ ಮಾಡಿ ತೋರಸ್ರಿ ಅಂದ. ಋತುಜಾ ಮೇಡಂ ಮಾಡಿದ್ಲು. ಬರಲೇ ಇಲ್ಲಂತ."

ಅದೊಂದು ಪರೀಕ್ಷೆ. ವಿಷವೇ ಇಲ್ಲದ ಕಾಯಿಗೆ ಲೆಕ್ಕ ಹಾಕಿ ನೂರು ಪಾಲು ವಿಷ ಬೆರೆಸುತ್ತಾರೆ. ವಿಧಾನ ಸರಿಯಿದ್ದರೆ ಯಂತ್ರ ಎಪ್ಪತ್ತಕ್ಕಿಂತ ಹೆಚ್ಚು ವಾಪಸು ತೋರಿಸಬೇಕು. ವಿಷವಿಲ್ಲದ ಕಾಯಿ ಎಲ್ಲಿಯದು? ಅದೂ ಬಾಳವ್ವನದೇ. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾಲ್ಕು ಸಾಲು ಹಾಕಿದ್ದಾಳೆ, ಒಂದು ಹನಿ ಔಷಧ ಹೊಡೆದವಳಲ್ಲ. ಲ್ಯಾಬು ಊರೆಲ್ಲ ಹುಡುಕಿ ಕೊನೆಗೆ ಅದನ್ನೇ ತರಿಸಿಕೊಂಡಿತು. 'ಖಾಲಿ ಮಾದರಿ' ಎಂದು ಡಬ್ಬಿಯ ಮೇಲೆ ಬರೆದಿದೆ.

"ಎಷ್ಟ ಬಂತಂತ?"

"ನಲವತ್ತೊಂದು."

ಬಾಳವ್ವನಿಗೆ ತಿಳಿಯಿತು. ತಪಾಸಣೆಯವನು ವಿಧಾನದ ಪುಸ್ತಕ ಎದುರಿಗೆ ಇಟ್ಟುಕೊಂಡು ಸಾಲು ಸಾಲಿಗೆ ಬೆರಳು ಇಡುತ್ತಾನೆ. ಪುಸ್ತಕದಲ್ಲಿ ಇಲ್ಲದ ನೀರನ್ನು ಅವನೆದುರು ಋತುಜಾ ಹೇಗೆ ಹಾಕಿಯಾಳು?

ಅಷ್ಟರಲ್ಲಿ ಯಜ್ಞೇಶ್ವರನೇ ಬಂದ. ಶೆಡ್ಡಿನ ಬಾಗಿಲಲ್ಲಿ ನಿಂತು ಮೂಗಿಗೆ ಕರ್ಚೀಪು ಹಿಡಿದ. ತಾಜಬಿ ಸರಿದು ನಿಂತಳು.

"ಬಾಳವ್ವ, ಲಗೂ ಏಳು. ಮಧ್ಯಾಹ್ನ ಇನ್ನೊಮ್ಮೆ ಮಾಡಿ ತೋರಸ್ರಿ ಅಂದಾರ. ನೀ ಹಿಂದಿನ ಬಾಗಲಿಂದ ಸ್ಟೋರಿಗೆ ಬಾ. ಅಲ್ಲೇ ಕೂತು ನಿನ್ನ ರೀತಿ ಆರು ಕೊಳವಿ ಮಾಡು. ಋತುಜಾ ಮುಂದ ತನ್ನವು ಮಾಡ್ತಿರ್ತಾಳ. ಯಂತ್ರಕ್ಕ ಇಡೂ ಮುಂದ ಅದಲುಬದಲು ಮಾಡ್ತೇವಿ. ಅವರಿಗೆ ಗೊತ್ತಾಗೂದಿಲ್ಲ."

ಬಾಳವ್ವ ಏಳಲಿಲ್ಲ.

"ಕೇಳಸ್ತೋ ಇಲ್ಲೋ?"

"ಕೇಳಸ್ತರಿ." ಅವಳು ರವಿಕೆಯಿಂದ ಕಾಗದ ತೆಗೆದು ಬಿಚ್ಚಿದಳು. ಬೆವರಿಗೆ ಅದು ಮೆತ್ತಗಾಗಿತ್ತು. "ಇದರಾಗ ನಾ ಏನೂ ಮುಟ್ಟಂಗಿಲ್ಲ ಅಂತ ಬರದೀರಿ. ಮುಟ್ಟದಾಕಿ ಆರು ಕೊಳವಿ ಹೆಂಗ ಮಾಡ್ಲಿರಿ?"

"ಇದೇನು ಮಾತಾಡೂ ವ್ಯಾಳ್ಯಾ ಏನು?"

"ನಂಗ ಬ್ಯಾರೆ ವ್ಯಾಳ್ಯಾ ಯಾವಾಗ ಕೊಟ್ಟೀರಿ?"

ಯಜ್ಞೇಶ್ವರ ದನಿ ಇಳಿಸಿದ. ಈ ದನಿ ಅವನು ವ್ಯಾಪಾರಿಗಳೊಡನೆ ಬಳಸುವಂಥದ್ದು. "ನೋಡವ್ವಾ, ಲ್ಯಾಬು ಉಳದರ ನಾವೆಲ್ಲ ಉಳೀತೇವಿ. ಹೊಸಾ ಪತ್ರ ಬರದ ಕೊಡೂಣಂತ. ನಾಳೆ."

"ಇವತ್ತ ಬರೀರಿ. ಆ ಸಹಿ ಪುಸ್ತಕದಾಗ ನನ್ನ ಹೆಸರ ಬರೀರಿ. ಬಾಳವ್ವ ಮಾಡಿದ್ಲು ಅಂತ. ಈಗಿಂದೀಗ ಮಾಡಿ ಕೊಡತೇನಿ."

"ನಾಕನೇತ್ತಾ ಸಾಲಿ ಕಲತಾಕಿ ಹೆಸರು ಆ ಪುಸ್ತಕದಾಗ ಬರಿಯಾಕ ಬರ್ತದೇನು? ಹುಚ್ಚಿ ಇದ್ದೀ?"

"ನಾಕನೇತ್ತಾ ಕಲತಾಕಿ ಕೈ ಬರತೈತಿ. ಹೆಸರ ಬರಂಗಿಲ್ಲ."

"ಹಂಗಿದ್ರ ನಾಳಿಯಿಂದ ನೀನೂ ಬರಬ್ಯಾಡ."

"ಆಗಲ್ರಿ" ಎಂದಳು ಬಾಳವ್ವ. "ಕೊಳವಿ ಮಾಡಂಗಿಲ್ಲ."

ಇಷ್ಟೇ ಅವಳು ಹೇಳಿದ್ದು. ದನಿ ಏರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ 'ಇಲ್ಲ' ಎಂದಿದ್ದಳು. ಯಜ್ಞೇಶ್ವರ ಕರ್ಚೀಪು ಜೇಬಿಗೆ ತುರುಕಿಕೊಂಡು ಹೊರಟುಹೋದ.

ಬಾಳವ್ವ ಎದ್ದು, ಸೆರಗು ಹೊದ್ದು, ಮುಂಬಾಗಿಲಿಗೇ ನಡೆದಳು. ತಾಜಬಿ ಹಿಂದಿನಿಂದ ಕೂಗಿದಳು. ತಿರುಗಿ ನೋಡಲಿಲ್ಲ. ಅವಳಲ್ಲಿ ಇನ್ನೂ ಒಂದು ನಂಬಿಕೆ ಉಳಿದಿತ್ತು. ಖರೇ ಸುಳ್ಳು ನೋಡಲಿಕ್ಕೆಂದೇ ಬೆಂಗಳೂರಿನಿಂದ ಬಂದವನು, ಖರೇ ಹೇಳಿದರೆ ಬರೆದುಕೊಳ್ಳುತ್ತಾನೆ ಎಂಬ ನಂಬಿಕೆ.

ತಪಾಸಣೆಯವನು ಕನ್ನಡಕದ, ದಣಿದ ಮುಖದ ಮನುಷ್ಯ. ಋತುಜಾ ಎದುರಿಗೆ ನಿಂತಿದ್ದಳು, ಕೊಳವೆಯಲ್ಲಿ ಪುಡಿ ಕೆಸರಿನಂತೆ ಕುಳಿತಿತ್ತು. ಬಾಳವ್ವನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಸಾಹೇಬ್ರ, ಇದಕ್ಕ ನೀರು ಹಾಕಿ ಅರ್ಧ ತಾಸು ನೆನೀಲಿಕ್ಕೆ ಬಿಡಬೇಕ್ರಿ. ಮೂರು ವರ್ಷದಿಂದ ನಾನ ಮಾಡೇನಿ. ಮೇಡಂ ಅಲ್ಲ. ನನ್ನ ಕೈ ನೋಡ್ರಿ."

ಅವಳು ಎರಡೂ ಕೈ ಮುಂದೆ ಚಾಚಿದಳು. ಸಿಪ್ಪೆ ಏಳುತ್ತಿದ್ದ ಅಂಗೈ, ಸೀಳಿದ ಬೆರಳು, ಹಂಚಿನ ಸುಟ್ಟ ಗಾಯ. ಅವನು ಕೈ ನೋಡಲಿಲ್ಲ. ಪುಸ್ತಕ ನೋಡಿದ, ಋತುಜಾಳ ಸಹಿ ನೋಡಿದ, ಯಜ್ಞೇಶ್ವರನ ಮುಖ ನೋಡಿದ.

"ಏನು ಓದಿದ್ದೀಯಮ್ಮಾ?"

"ನಾಕನೇತ್ತಾ ರೀ."

"ತರಬೇತಿ?"

"ಯಾರ ಕೊಡತಾರ್ರಿ ಯಪ್ಪಾ? ನಾನ ಕಲತೇನಿ."

ಅವನು ತಲೆಯಾಡಿಸಿದ. ಇಂಗ್ಲಿಷಿನಲ್ಲಿ ತುಂಬ ಹೊತ್ತು ಬರೆದ. ಬಾಳವ್ವನ ಎದೆ ಹಗುರಾಯಿತು. ಇಷ್ಟು ಬರೆಯುತ್ತಾನೆಂದರೆ ಎಲ್ಲ ಬರೆಯುತ್ತಾನೆ. ಕೈಯನ್ನೂ ಬರೆಯುತ್ತಾನೆ.

ಅವನು ಹೋದ ಮೇಲೆ ಋತುಜಾ ಆ ಹಾಳೆ ಹಿಡಿದು ಮಾದರಿ ಕೋಣೆಗೆ ಬಂದಳು. ಬಾಳವ್ವ ಕೇಳಿದಳು: "ಏನ್ ಬರದಾರ್ರಿ?"

ಋತುಜಾ ಓದಿ ಹೇಳಿದಳು, ಕಣ್ಣೆತ್ತದೆ. "ಒಂದನೇದು. ಒಣಮೆಣಸಿನಕಾಯಿ ಪುಡಿಗೆ ನೀರು ಹಾಕಿ ಅರ್ಧ ತಾಸು ನೆನೆಸೂದನ್ನ ಲ್ಯಾಬಿನ ವಿಧಾನದಾಗ ಸೇರಿಸಬೇಕು. ಎರಡನೇದು..." ನಿಲ್ಲಿಸಿದಳು.

"ಓದ್ರಿ."

"ಅನರ್ಹ ವ್ಯಕ್ತಿಯೊಬ್ಬರು ಮಾದರಿ ತಯಾರು ಮಾಡೂದು ಕಂಡು ಬಂದದ. ಅವರನ್ನ ತಿಂಗಳೊಳಗ ತೆಗೀಬೇಕು."

"ನನ್ನ ಹೆಸರ ಬರದಾರೇನ್ರಿ?"

"ಇಲ್ಲ ಬಾಳವ್ವ."

ನೀರು ಪುಸ್ತಕದೊಳಗೆ ಹೋಯಿತು. ನೀರು ಹಾಕಿದ ಕೈ ಹೊರಗೆ ಬಿತ್ತು. ಬಾಳವ್ವ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಸಿಟ್ಟು ಬರಬೇಕಿತ್ತು, ಬಂದದ್ದು ದಣಿವು. ಎಷ್ಟು ದಣಿವೆಂದರೆ ಅಲ್ಲೇ ನೆಲದ ಮೇಲೆ ಮಲಗಿಬಿಡಬೇಕೆನ್ನಿಸಿತು.

ಮರುದಿನ ಅವಳು ತನ್ನ ಬುತ್ತಿ ಡಬ್ಬಿ, ಹಳೆಯ ಚಪ್ಪಲಿ ಒಯ್ಯಲು ಬಂದಳು. ಧಾರವಾಡದಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡಲೇ ಅನ್ನಿಸಿತ್ತು. ಲ್ಯಾಬಿನಲ್ಲಿ ಯಜ್ಞೇಶ್ವರ ಫೋನಿನಲ್ಲಿದ್ದ. ಯಾರೋ ವ್ಯಾಪಾರಿ ಇನ್ನೊಬ್ಬನ ಮಾಲಿನ ವರದಿ ಕೇಳುತ್ತಿದ್ದ. "ಅದು ಸಾಧ್ಯ ಇಲ್ಲರಿ" ಎನ್ನುತ್ತಿದ್ದ ಯಜ್ಞೇಶ್ವರ. "ಮಾದರಿ ಯಾರದೋ, ವರದಿ ಅವರದು. ಮೂರನೇದವರಿಗೆ ಕೊಡೂದಿಲ್ಲ. ಅದು ನಮ್ಮ ನಿಯಮ. ಗ್ವಾಡಿಗೆ ಬರಸಿ ಹಾಕೇವಿ." ಫೋನು ಇಟ್ಟು ಬಾಳವ್ವನನ್ನು ನೋಡಿದ. ಅವನ ಮುಖದಲ್ಲಿ ನಾಚಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ.

"ಛಲೋ ಆತು ಬಂದಿ. ಇವತ್ತೊಂದಿನ ಏಳು ಮಾದರಿ ಅವ, ಮುಗಿಸಿ ಕೊಡು. ಕಂಟೇನರ್ ನಿಂತದ. ತಿಂಗಳು ಟೈಮ್ ಕೊಟ್ಟಾರಲ್ಲ, ಇವತ್ತು ಮಾಡಿದ್ರ ತಪ್ಪಲ್ಲ. ನಾಳಿಯಿಂದ ಬ್ಯಾಡ."

ಬಾಳವ್ವ ಅವನನ್ನು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. "ಆತ್ರಿ" ಎಂದಳು.

ತಾಜಬಿ ಸಿಟ್ಟಿನಿಂದ ಉರಿದುಬಿದ್ದಳು. "ನಿನಗ ಮಾನ ಮರ್ಯಾದಿ ಐತಿಲ್ಲೋ? ಉಗುಳಿ ಹೊರಗ ಹಾಕ್ಯಾರ, ಮತ್ತ ಅವರ ಮೆಣಸಿನಕಾಯಿ ಅರೀತಿ?"

"ಒಂದು ಕೆಲಸ ಐತಿ" ಎಂದಳು ಬಾಳವ್ವ.

ಏಳು ಚೀಲ. ಹದಿನಾಲ್ಕು ಕಿಲೋ. ತೊಟ್ಟು ಮುರಿದಳು, ಕತ್ತರಿಸಿದಳು, ಪುಡಿ ಮಾಡಿದಳು. ಹರಿದ ಕೈಗವಸು ಅಲ್ಲೇ ಮೂಲೆಯಲ್ಲಿತ್ತು, ಮುಟ್ಟಲಿಲ್ಲ. ಒಂದು ಚೀಲ ಮುಗಿದ ಮೇಲೆ ಮಿಕ್ಸರು ತೊಳೆದಳು, ಚಾಕು ತೊಳೆದಳು, ಮಣೆ ತೊಳೆದಳು. ಒಂದರ ವಿಷ ಇನ್ನೊಂದಕ್ಕೆ ತಾಗಬಾರದು, ಅದು ಲ್ಯಾಬಿನ ಕಟ್ಟಳೆ. ಪ್ರತಿ ಸಲ ಬಲಗೈಯನ್ನೂ ತೊಳೆದಳು, ಮಾದರಿ ಮುಟ್ಟುವ ಕೈ ಅದು. ಚೀಲ ಹಿಡಿಯುವ, ತೊಟ್ಟು ಬಳಿಯುವ, ಕಸ ಎತ್ತುವ ಎಡಗೈಯನ್ನು ಮಾತ್ರ ಮುಂಜಾನೆಯಿಂದ ನೀರಿಗೆ ಒಡ್ಡಲಿಲ್ಲ. ಕೆಮ್ಮು ಬಂದಾಗ ಮೊಣಕೈಯಿಂದ ಬಾಯಿ ಮುಚ್ಚಿದಳು. ಹಸಿವಾದರೂ ಬುತ್ತಿ ಬಿಚ್ಚಲಿಲ್ಲ.

ಮೂರು ಗಂಟೆಗೆ ಏಳು ಕೊಳವೆ ಸಾಲಾಗಿ ನಿಂತವು. ಆಗ ಅವಳು ಒಂದು ಸ್ಟೀಲಿನ ತಟ್ಟೆಗೆ ಶುದ್ಧ ನೀರು ಹಾಕಿ, ಎಡಗೈ ಅದ್ದಿ, ಚೆನ್ನಾಗಿ ತಿಕ್ಕಿದಳು. ಬೆರಳ ಸಂದಿ, ಉಗುರು, ಅಂಗೈಯ ಸೀಳು. ನೀರು ತೆಳುವಾಗಿ ಕೆಂಪಾಯಿತು. ಅದನ್ನು ಎಂಟನೆಯ ಕೊಳವೆಗೆ ಸುರಿದಳು. ದ್ರಾವಕ ಹಾಕಿದಳು, ಒಂದು ನಿಮಿಷ ಅಲುಗಿಸಿದಳು, ಉಪ್ಪು ಹಾಕಿದಳು. ಉಳಿದ ಏಳಕ್ಕೆ ಏನು ಮಾಡಿದ್ದಳೋ ಅದನ್ನೇ, ಒಂದು ಹೆಜ್ಜೆಯೂ ಬಿಡದೆ.

ಋತುಜಾ ಬಂದು ಎಣಿಸಿದಳು. "ಏಳಲ್ಲಾ ಬಂದದ್ದು? ಇದೇನಿದು?"

"ಮಾದರಿ ರೀ."

ಋತುಜಾ ತಟ್ಟೆ ನೋಡಿದಳು. ಹಸಿಯಾಗಿದ್ದ ಎಡಗೈ ನೋಡಿದಳು. ಅವಳಿಗೆ ತಿಳಿಯಿತು.

"ಬಾಳವ್ವ, ಸರ್ ನೋಡಿದ್ರ..."

"ಮೂರು ವರ್ಷ ನಾ ಮಾಡಿದ್ದಕ್ಕ ನೀವ್ ಸಹಿ ಮಾಡೀರಿ. ನಾ ಒಂದ್ ದಿನಾ ಯಾಕಂತ ಕೇಳಿಲ್ಲ. ಇದೊಂದ ಯಂತ್ರಕ್ಕ ಇಡ್ರಿ ಮೇಡಂ. ಬ್ಯಾರೆ ಏನೂ ಕೇಳಂಗಿಲ್ಲ."

ಆ ಸುಳ್ಳು ಪತ್ರ ಟೈಪು ಮಾಡಿದವಳೂ ಋತುಜಾಳೇ. ಎಂಟೂ ಕೊಳವೆ ಎತ್ತಿಕೊಂಡು ಒಳಗೆ ಹೋದಳು.

ಯಂತ್ರಕ್ಕೆ ಮೊದಲು ಖಾಲಿ ಮಾದರಿ ಕೊಡಬೇಕು. ಪರದೆಯ ಮೇಲೆ ಗೆರೆ ಸಪಾಟಾಗಿ ಹೋಯಿತು. ಆಮೇಲೆ ಏಳು ಮಾದರಿ. ಒಂದರಲ್ಲಿ ಎರಡು ವಿಷ, ಒಂದರಲ್ಲಿ ಮೂರು, ಎಲ್ಲವೂ ಮಿತಿಯೊಳಗೆ. ಏಳೂ ಪಾಸು. ಕಂಟೇನರ್ ಹೋಗಬಹುದು. ಆಮೇಲೆ ಎಂಟನೆಯದು. ಗೆರೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಹನ್ನೊಂದು ಸಲ ಎದ್ದಿತು, ಸಲಕ್ಕೊಂದು ವಿಷದ ಹೆಸರು. ಏಳು ಚೀಲದಲ್ಲಿ ಹಂಚಿಹೋಗಿದ್ದದ್ದೆಲ್ಲ ಅಲ್ಲಿ ಒಟ್ಟಿಗೆ ಕುಳಿತಿತ್ತು. ಬಾಳವ್ವ ಬೆಳೆದ ಕಾಯಿಯಲ್ಲಿ ಏನೂ ಇರಲಿಲ್ಲ. ಬಾಳವ್ವನ ಕೈಯಲ್ಲಿ ಎಲ್ಲವೂ ಇತ್ತು.

"ಇದು ಮಿತಿಯೊಳಗ ಐತೇನ್ರಿ?" ಗಾಜಿನ ಬಾಗಿಲ ಆಚೆಯಿಂದ ಬಾಳವ್ವ ಕೇಳಿದಳು.

"ಮೆಣಸಿನಕಾಯಿಗೆ ಮಿತಿ ಅದ. ದ್ರಾಕ್ಷಿಗದ. ಕೈಗೆ..." ಋತುಜಾ ಪುಸ್ತಕ ತಿರುವಿ ಹಾಕಿದಳು, ಸುಮ್ಮನೆ, ಅಲ್ಲಿಲ್ಲವೆಂದು ಗೊತ್ತಿದ್ದೂ. "ಕೈಗೆ ಯಾರೂ ಬರದಿಲ್ಲ."

ವರದಿ ಅಚ್ಚಾಗಬೇಕಾದರೆ ಎರಡು ಕಾಲಮು ತುಂಬಲೇಬೇಕು, ಖಾಲಿ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ.

"ಮಾದರಿ ಏನಂತ ಬರೀಲಿ?"

"ಕೈ ಅಂತ ಬರೀರಿ. ಬಾಳವ್ವನ ಎಡಗೈ."

ಋತುಜಾ ಬರೆದಳು. ಎರಡನೆಯ ಕಾಲಮಿನಲ್ಲಿ ಅವಳ ಬೆರಳು ನಿಂತವು. ಮಾದರಿ ಸಿದ್ಧಪಡಿಸಿದವರು. ಮೂರು ವರ್ಷದ ರೂಢಿ, ತನ್ನ ಹೆಸರಿನ ಮೊದಲ ಅಕ್ಷರ ತಾನಾಗಿಯೇ ಬಿದ್ದುಬಿಟ್ಟಿತ್ತು. ಅಳಿಸಿದಳು. ಬಾಳವ್ವ ಎಂದು ಬರೆದಳು. ಏಳಕ್ಕೆ ಏಳೂ ವರದಿ ತೆರೆದು ಅಲ್ಲಿಯೂ ಅದೇ ಹೆಸರು ಬರೆದಳು. ಎಂಟನೆಯ ವರದಿ ಅಚ್ಚಾಗಿ ಬಂದ ಕೂಡಲೇ ಬಾಳವ್ವನ ಕೈಗೆ ಕೊಟ್ಟಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಬಾಳವ್ವನಿಗೆ ಅದನ್ನು ನೋಡಿ ಕನಿಕರವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಇದಕ್ಕೆ ಮೂರು ವರ್ಷ ಹಿಡಿಯಿತಲ್ಲ ಎನ್ನಿಸಿತು.

ಹೊರಬಾಗಿಲ ಹತ್ತಿರ ಯಜ್ಞೇಶ್ವರ ಅಡ್ಡ ನಿಂತಿದ್ದ. ಅವನ ಕೈಯಲ್ಲಿ ಏಳು ವರದಿಗಳಿದ್ದವು. ಮುಖ ಕೆಂಪೇರಿತ್ತು.

"ಆ ಕಾಗದ ಕೊಡು ಇಲ್ಲೆ."

"ಕೊಡಂಗಿಲ್ಲರಿ."

"ಅದು ಲ್ಯಾಬಿನ ಆಸ್ತಿ. ಪೊಲೀಸರಿಗೆ ಫೋನ್ ಮಾಡ್ತೇನಿ."

"ಮಾಡ್ರಿ." ಬಾಳವ್ವ ಗೋಡೆಯ ಕಡೆ ಗದ್ದ ಎತ್ತಿದಳು. ಅಲ್ಲಿ ಕಟ್ಟು ಹಾಕಿಸಿದ ನಿಯಮಗಳ ಹಲಗೆ ಇತ್ತು. "ಮಾದರಿ ಯಾರದೋ, ವರದಿ ಅವರದು ಅಂತ ಮುಂಜಾನಿ ನೀವ ಹೇಳಾಕತ್ತಿದ್ರಿ. ಈ ಕೈ ನಿಮ್ಮದೇನ್ರಿ?"

ಯಜ್ಞೇಶ್ವರ ಹಲಗೆಯ ಕಡೆ ತಿರುಗಿದ. ಹಿಂದೆ ತಾಜಬಿ ತೊಳೆಯುವ ಬ್ರಷ್ಷು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಋತುಜಾ ಅವಳ ಹಿಂದೆ. ಬಾಳವ್ವ ಅವನ ಪಕ್ಕದಿಂದ ಹಾದು ಹೊರಗೆ ಬಂದಳು. ಬುತ್ತಿ ಡಬ್ಬಿ ಒಳಗೇ ಉಳಿದಿತ್ತು. ವಾಪಸು ಹೋಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಾಳೆ ಮೊದಲು ದವಾಖಾನೆ. ಡಾಕ್ಟರ ಮೇಜಿನ ಮೇಲೆ ಎರಡು ಕಾಗದ ಇಡಬೇಕು. ಏನೂ ಮುಟ್ಟುವುದಿಲ್ಲ ಎಂಬುದೊಂದು, ಹನ್ನೊಂದು ವಿಷದ ಹೆಸರಿನದೊಂದು. ಡಾಕ್ಟರು ಬರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬರೆದರೂ ಬೆರಳು ವಾಪಸು ಬರುತ್ತವೋ ಇಲ್ಲವೋ, ಅದೂ ಗೊತ್ತಿಲ್ಲ. ನಾಡಿದ್ದಿನಿಂದ ಎಲ್ಲಿ ಕೆಲಸ, ಈ ಕೈಗೆ ಯಾರು ಕೆಲಸ ಕೊಡುತ್ತಾರೆ, ಅದನ್ನು ಯೋಚಿಸಲು ಅವತ್ತು ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಬಸ್ಸು ನವನಗರ ದಾಟಿತು. ಕಿಟಕಿಯಿಂದ ಗಾಳಿ ಜೋರಾಗಿ ಬರುತ್ತಿತ್ತು. ಕಾಗದ ಬೆರಳ ನಡುವೆ ಇದೆಯೋ, ಹಾರಿಹೋಗಿದೆಯೋ ಕೈಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಬಾಳವ್ವ ಊರು ಬರುವ ತನಕ ಅದರ ಮೇಲಿನ ಕಣ್ಣು ತೆಗೆಯಲಿಲ್ಲ.